ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ

ಇದನ್ನ ಬರೀಬೇಕು ಅಂತ ಹೋದ ಮಳೆಗಾಲದಿಂದ ಅಂದ್ಕೊಳ್ತಾನೇ ಇದ್ದೆ. ಬರೀದೇ ಇದ್ದಿದ್ದಕ್ಕೆ ಸೋಮಾರಿತನ ಒಂದು ಕಾರಣ, ನಾಚಿಕೆ ಇನ್ನೊಂದು. ಮೊನ್ನೆ ಊರಿಗೆ ಹೋಗಿ ಅಜ್ಜಿ ಮನೆ ಗೋಡೆ ನೋಡ್ಕೊಂಡು ಬಂದ ಮೇಲೆ, ಸರಿ, ತಪ್ಪು ಒಪ್ಕೊಂಡೇ ಬಿಡೋಣ ಅನ್ನಿಸ್ತು.

ನಮ್ಮಜ್ಜಿ ಮನೆ ಇರೋದು ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಇಟ್ಟಿಗೆ, ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ಸುಣ್ಣದ ಗಾರೆ, ತಲೆ ಮೇಲೆ ನಾಡಹೆಂಚು. ಚಿಕ್ಕವನಿದ್ದಾಗ ಯುಗಾದಿ ಹತ್ರ ಬಂತು ಅಂದ್ರೆ ಮನೆಗೆ ಸುಣ್ಣ ಬಳಿಯೋ ಸಂಭ್ರಮ. ಹಳೇ ಮಡಕೆಗೆ ಸುಟ್ಟ ಸುಣ್ಣದ ಹರಳು ಹಾಕಿ ನೀರು ಸುರಿದ್ರೆ ಕೊತಕೊತ ಕುದಿಯೋದು. ಒಲೆ ಇಲ್ಲ, ಬೆಂಕಿ ಇಲ್ಲ, ಆದ್ರೂ ಕುದೀತಾ ಇದೆ! ನಾವು ಮಕ್ಕಳೆಲ್ಲ ಬಾಯಿ ಬಿಟ್ಕೊಂಡು ಸುತ್ತ ನಿಂತಿದ್ರೆ ಅಜ್ಜಿ "ದೂರ ಹೋಗ್ರೋ, ಕಣ್ಣಿಗೆ ಸಿಡೀತದೆ" ಅಂತ ಬೈಯೋರು. ನನ್ನ ಜೀವನದ ಮೊದಲ ಕೆಮಿಸ್ಟ್ರಿ ಲ್ಯಾಬ್ ಅದೇ.

ಆರು ವರ್ಷದ ಹಿಂದೆ ಕೆಲಸಕ್ಕೆ ಸೇರಿದೆ. ಮೊದಲ ಬೋನಸ್ ಬಂದಾಗ ಎಲ್ಲರೂ ಫೋನ್ ತಗೋತಾರೆ, ನಾನು ದೊಡ್ಡ ಮನುಷ್ಯನ ಥರ ಅಜ್ಜಿ ಮನೆ ರಿಪೇರಿ ಮಾಡಿಸಿದೆ. ಅಲ್ಲಲ್ಲಿ ಉದುರುತ್ತಿದ್ದ ಸುಣ್ಣದ ಗಾರೆಯನ್ನೆಲ್ಲ ಕೆರೆಸಿ, ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್ ಹೊಡೆಸಿ, ಮೇಲೆ ಮಳೆ ನೀರು ತಡೆಯುವ ಬಣ್ಣ ಬಳಿಸಿದೆ. ಗೋಡೆ ಕನ್ನಡಿ ಥರ ನುಣ್ಣಗಾಯ್ತು. ಊರವರೆಲ್ಲ ಬಂದು ನೋಡಿ ಹೋದರು. ಅಜ್ಜಿ ಮಾತ್ರ "ವರ್ಸಕ್ಕೊಂದ್ಸಲ ಸುಣ್ಣ ಬಳುದಿದ್ರೆ ಸಾಕಾಗಿತ್ತಲ್ಲ ಮಗಾ, ಇಷ್ಟೊಂದು ದುಡ್ಡು ಯಾಕೆ" ಅಂದ್ರು. ಹಳೇ ಕಾಲದವರು, ಅವರಿಗೇನು ಗೊತ್ತು ಅಂದ್ಕೊಂಡೆ.

ಮೂರನೇ ಮಳೆಗಾಲಕ್ಕೆ ಗೊತ್ತಾಯ್ತು ನೋಡಿ. ಗೋಡೆಯ ಬುಡದಿಂದ ಎರಡಡಿ ಎತ್ತರದವರೆಗೆ ಬಣ್ಣ ಗುಳ್ಳೆ ಎದ್ದಿತ್ತು. ಗುಳ್ಳೆ ಒಡೆದರೆ ಒಳಗೆ ಬಿಳೀ ಉಪ್ಪು. ಸಿಮೆಂಟಿನ ಪದರ ಒಂದು ಕಡೆ ಹಲಗೆಯ ಥರ ಕಳಚಿ ಬಿತ್ತು, ಅದರ ಹಿಂದಿನ ಮಣ್ಣು ಕೈಯಲ್ಲಿ ಹಿಸುಕಿದರೆ ಕೇಸರಿಬಾತ್! ಅಜ್ಜಿಯ ಕೋಣೆಯಲ್ಲಿ ಮುಗ್ಗಲು ವಾಸನೆ. ಅವರಿಗೆ ಮೊದಲೇ ಉಬ್ಬಸ. ಈಗ ಆ ಕೋಣೆ ಬಿಟ್ಟು ನಡುಮನೆಯಲ್ಲಿ ಮಲಗ್ತಾರೆ. ಒಂದು ದಿನಕ್ಕೂ ನನ್ನ ಮುಖದ ಮೇಲೆ ಏನೂ ಅಂದಿಲ್ಲ. ಅದೇ ಜಾಸ್ತಿ ಚುಚ್ಚೋದು.

ಇನ್ನೊಂದು ವಿಷಯ ಹೇಳಲೇಬೇಕು. ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್ :-( ಎಲ್ಲರ ಹಾಗೆ ಕ್ಯಾಂಪಸ್ಸಿನಲ್ಲಿ ಸಾಫ್ಟ್‌ವೇರ್ ಕಂಪನಿ ಬಂತು, ಹೋದೆ. ಆದ್ರೂ ಕಟ್ಟಡ ಸಾಮಗ್ರಿಗಳ ಪೇಪರ್ ಪಾಸ್ ಮಾಡಿದವನು ನಾನು. ಅದರಲ್ಲಿ ಸುಣ್ಣದ ಬಗ್ಗೆ ಎರಡು ಪುಟ ಇತ್ತು. "ಇದು ಎಕ್ಸಾಮಿಗೆ ಬರಲ್ಲ, ಸಿಮೆಂಟ್ ಓದ್ಕೊಳ್ಳಿ" ಅಂದಿದ್ರು. ಓದ್ಕೊಂಡ್ವಿ. ಎಕ್ಸಾಮಿಗೆ ಬರಲಿಲ್ಲ, ಅಜ್ಜಿ ಮನೆಗೆ ಬಂತು.

ಆಗಿದ್ದೇನು ಅಂದ್ರೆ, ಹಳೇ ಗೋಡೆಗೆ ತಳಪಾಯದಲ್ಲಿ ನೀರು ತಡೆಯುವ ಪದರ ಇರಲ್ಲ. ನೆಲದ ತೇವ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಗೋಡೆಗೆ ಏರುತ್ತೆ. ಸುಣ್ಣದ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರ, ಹಾಗಾಗಿ ಏರಿದ ತೇವ ಬಿಸಿಲಿಗೆ ಆರಿ ಹೊರಗೆ ಹೋಗುತ್ತೆ. ನಾನು ಆ ದಾರಿಗೆ ಸಿಮೆಂಟ್ ಹೊಡೆಸಿ, ಮೇಲೆ ಪ್ಲಾಸ್ಟಿಕ್ಕಿನಂಥ ಬಣ್ಣದ ಬಾಗಿಲು ಹಾಕಿಸಿದೆ. ನೀರು ಹೊರಗೆ ಹೋಗೋಕಾಗದೆ ಒಳಗೇ ಉಳೀತು. ಉಪ್ಪು ಹರಳುಗಟ್ಟಿ ಪ್ಲಾಸ್ಟರನ್ನ ತಳ್ಳಿತು. ಸಿಮೆಂಟ್ ಗಟ್ಟಿ, ಹಿಂದಿನ ಗೋಡೆ ಮೆತ್ತಗೆ. ಗಟ್ಟಿ ಇರೋದೇ ಒಳ್ಳೇದು ಅಂದ್ಕೊಂಡಿದ್ದೆ.

ಅಂದಿನಿಂದ ಸುಣ್ಣದ ಹಿಂದೆ ಬಿದ್ದೆ. ಓದಿದೆ, ನೆಂಟರನ್ನ, ಗೆಳೆಯರನ್ನ ಕೇಳಿದೆ, ನಮ್ಮ ಜಿಲ್ಲೆಯಲ್ಲೇ ಅಲ್ಲಿ ಇಲ್ಲಿ ಸುತ್ತಿದೆ. ನನಗೆ ಅನ್ನಿಸಿದ್ದು ಇಷ್ಟೇ: ಸುಣ್ಣದ ಕಲ್ಲು ಅಂದ್ರೆ ಸಿಮೆಂಟ್ ಮಾತ್ರ, ಸುಣ್ಣ ಅಂದ್ರೆ ಬರೀ ಗೋಡೆಗೆ ಬಳಿಯೋ ಅಗ್ಗದ ಬಿಳೀ ಪುಡಿ ಅಂತ ನಾವು ತೀರ್ಮಾನ ಮಾಡ್ಬಿಟ್ಟಿದೀವಿ. ಒಂದೇ ಕಲ್ಲಿನ ಇಬ್ಬರು ಮಕ್ಕಳಲ್ಲಿ ಸಿಮೆಂಟಿಗೆ ಬೆಣ್ಣೆ, ಸುಣ್ಣಕ್ಕೆ ಸುಣ್ಣ. ಆ ಅಸಡ್ಡೆಗೆ ನಾವು ದಂಡ ಕಟ್ತಾ ಇದೀವಿ, ಗೋಡೆಯಲ್ಲಿ, ಬೆಲ್ಲದಲ್ಲಿ, ಬೆಳೆಯಲ್ಲಿ.

ಸ್ವಲ್ಪ ಕೆಮಿಸ್ಟ್ರಿ ಕೊರೀತೀನಿ, ಬೇಜಾರು ಮಾಡ್ಕೋಬೇಡಿ. ಸುಣ್ಣದ ಕಲ್ಲು ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನ ಸುಮಾರು 900 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿ ಹೋಗಿ ಸುಟ್ಟ ಸುಣ್ಣ ಉಳಿಯುತ್ತೆ. 100 ಕಿಲೋ ಶುದ್ಧ ಕಲ್ಲಿಗೆ 56 ಕಿಲೋ ಸುಣ್ಣ, 44 ಕಿಲೋ ಗಾಳಿಗೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದ್ರೆ ಕುದಿದು ಅರಳಿದ ಸುಣ್ಣ ಆಗುತ್ತೆ, ಅಜ್ಜಿಯ ಮಡಕೆಯಲ್ಲಿ ನೋಡಿದ್ದು ಅದೇ. ಅದನ್ನ ಗೋಡೆಗೆ ಬಳಿದರೆ ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡನ್ನ ನಿಧಾನವಾಗಿ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತೆ. ಅಂದ್ರೆ ಅಜ್ಜಿ ಪ್ರತಿ ಯುಗಾದಿಗೂ ಗೋಡೆಗೆ ಒಂದು ತೆಳು ಪದರ ಕಲ್ಲು ಹೊದಿಸ್ತಾ ಇದ್ರು. ಇದೇ ಕಲ್ಲನ್ನ ಜೇಡಿಮಣ್ಣಿನ ಜೊತೆ ಸುಮಾರು 1450 ಡಿಗ್ರಿಯಲ್ಲಿ ಸುಟ್ಟು, ಬಂದ ಗಟ್ಟಿಯನ್ನ ಸ್ವಲ್ಪ ಜಿಪ್ಸಮ್ ಜೊತೆ ಪುಡಿ ಮಾಡಿದ್ರೆ ಸಿಮೆಂಟ್. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ತಗೊಂಡಿದ್ದು 1824ರಲ್ಲಿ.

ತಮಾಷೆ ಅಂದ್ರೆ ನಮ್ಮ ಹಾಸನ ಜಿಲ್ಲೆಯಲ್ಲಿ ಕಾರ್ಖಾನೆ ನಡೆಸುವಂಥ ಸುಣ್ಣದ ಕಲ್ಲಿನ ಗುಡ್ಡಗಳಿಲ್ಲ. ನಮ್ಮದು ಬಹಳ ಹಳೇ ಬಂಡೆಗಳ ನೆಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ, ಬೈರಾಪುರದ ಕಡೆ ಕ್ರೋಮೈಟ್ ಅದಿರು ಇದೆ. ಹೊಳೆನರಸೀಪುರದ ಶಿಲಾಪಟ್ಟಿ ಅಂತೂ ರಾಜ್ಯದ ಅತಿ ಹಳೆಯ ಶಿಲೆಗಳಲ್ಲಿ ಒಂದು ಅಂತ ಭೂವಿಜ್ಞಾನಿಗಳು ಹೇಳ್ತಾರೆ. ದೊಡ್ಡ ಸುಣ್ಣದ ಕಲ್ಲಿನ ಹಾಸು ಇರೋದು ಉತ್ತರದಲ್ಲಿ, ಕಲಬುರಗಿ, ಬಾಗಲಕೋಟೆ ಕಡೆ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತಿದ್ದು ಅದಕ್ಕೇ. ನಮಗೆ ಹತ್ತಿರದ್ದು ಅಂದ್ರೆ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರ. ಅಲ್ಲಿನ ಮೈಸೂರ್ ಸಿಮೆಂಟ್ಸ್ 2006ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಕಂಪನಿಯ ಕೈ ಸೇರಿತು. ನಮ್ಮ ಹಳೇ ಮನೆಗಳಿಗೆಲ್ಲ ಸುಣ್ಣ ಸಿಕ್ಕಿದ್ದು ಗುಡ್ಡದಿಂದಲ್ಲ, ಹೊಲದಲ್ಲಿ, ಹಳ್ಳದ ದಡದಲ್ಲಿ ಸಿಗುವ ಸುಣ್ಣದ ಉಂಡೆಗಳಿಂದ. ಕಂಕರ ಅಂತಾರೆ. ಅದನ್ನ ಆಯ್ದು ತಂದು ಗೂಡಿನಲ್ಲಿ ಸುಡೋರು.

ಗುಡ್ಡ ಇಲ್ಲದಿದ್ದರೂ ಆ ಕಲ್ಲು ನಮ್ಮ ಮನೆ ಬಿಟ್ಟಿಲ್ಲ. ಅಡುಗೆಮನೆ ಕಟ್ಟೆಗೆ ಹಾಕುವ ಕಪ್ಪು ಕಡಪ ಕಲ್ಲು ಸುಣ್ಣದ ಕಲ್ಲೇ. ಜಗುಲಿಗೆ ಹಾಕಿದ ಶಹಾಬಾದ್ ಕಲ್ಲೂ ಅದೇ. ನಂಬಿಕೆ ಇಲ್ಲದಿದ್ರೆ ಕಡಪ ಕಲ್ಲಿನ ಮೇಲೆ ನಿಂಬೆ ಹೋಳು ಬೋರಲು ಹಾಕಿಟ್ಟು ಬೆಳಿಗ್ಗೆ ನೋಡಿ, ಹುಳಿ ತಿಂದ ಕಲೆ ಉಳಿದಿರುತ್ತೆ. (ನಿಮ್ಮಮ್ಮ ಬೈದರೆ ನಾನು ಜವಾಬ್ದಾರನಲ್ಲ.)

ಈಗ ಚನ್ನರಾಯಪಟ್ಟಣಕ್ಕೆ ಬನ್ನಿ. ಆ ತಾಲ್ಲೂಕಿನ ಶ್ರೀನಿವಾಸಪುರದಲ್ಲಿ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ ಅಂತ ನಮ್ಮ ಕಡೆಯವರಿಗೆಲ್ಲ ಗೊತ್ತು. ಆದ್ರೆ ಸುಣ್ಣ ಇಲ್ಲದೆ ಸಕ್ಕರೆ ಇಲ್ಲ ಅನ್ನೋದು ಎಷ್ಟು ಜನಕ್ಕೆ ಗೊತ್ತು? ನನಗಂತೂ ಗೊತ್ತಿರಲಿಲ್ಲ. ಸಕ್ಕರೆ ತಂತ್ರಜ್ಞಾನ ಓದಿದ ಗೆಳೆಯನೊಬ್ಬ ಬಿಡಿಸಿ ಹೇಳಿದ. ಅರೆದ ಕಬ್ಬಿನ ಹಾಲು ಸ್ವಲ್ಪ ಹುಳಿ, ಅದರ ಪಿಎಚ್ ಐದು, ಐದೂವರೆ ಇರುತ್ತೆ. ಹುಳಿ ಇರುವಾಗಲೇ ಕಾಯಿಸಿದ್ರೆ ಸಕ್ಕರೆ ಒಡೆದು ಹರಳು ಕಟ್ಟದ ಸಕ್ಕರೆಗಳಾಗಿ ಹೋಗುತ್ತೆ, ರೈತನ ಕಬ್ಬು ಕಾಕಂಬಿಗೆ ದಾನ. ಅದಕ್ಕೇ ಸುಣ್ಣದ ಹಾಲು ಹಾಕಿ ಹುಳಿ ಮುರೀತಾರೆ. ನಮ್ಮ ದೇಶದ ಬಹಳಷ್ಟು ಕಾರ್ಖಾನೆಗಳಲ್ಲಿ ಇದರ ಜೊತೆ ಗಂಧಕದ ಹೊಗೆ ಹಾಯಿಸ್ತಾರೆ. ಸುಣ್ಣ ರಸದಲ್ಲಿರುವ ಫಾಸ್ಫೇಟ್ ಜೊತೆ ಸೇರಿ ಗಷ್ಟಾಗಿ ತಳಕ್ಕೆ ಕೂರುವಾಗ ಕೊಳೆಯನ್ನೂ ಎಳ್ಕೊಂಡು ಹೋಗುತ್ತೆ. ಆ ಮಡ್ಡಿ ಮತ್ತೆ ಗದ್ದೆಗೆ ಗೊಬ್ಬರ. ಕಾರ್ಖಾನೆಯವರು ಸುಣ್ಣ ಕೊಳ್ಳುವಾಗ ಬಣ್ಣ ನೋಡಲ್ಲ, ಅದರಲ್ಲಿ ಕೆಲಸಕ್ಕೆ ಬರುವ ಕ್ಯಾಲ್ಸಿಯಂ ಆಕ್ಸೈಡ್ ಶೇಕಡಾ ಎಷ್ಟು ಅಂತ ಪರೀಕ್ಷೆ ಮಾಡ್ತಾರೆ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಆಲೆಮನೆಯಲ್ಲೂ ಇದೇ ಕಥೆ, ಸಣ್ಣ ಪ್ರಮಾಣದಲ್ಲಿ. ಕೊಪ್ಪರಿಗೆಗೆ ಹದವಾಗಿ ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆ, ಮೇಲೆ ಬಂದ ಕೊಳೆ ತೆಗೆದು ಹಾಕೋದು. ಸುಣ್ಣ ಕಡಿಮೆ ಆದ್ರೆ ಬೆಲ್ಲ ಗಟ್ಟಿ ಆಗಲ್ಲ, ಜಾಸ್ತಿ ಆದ್ರೆ ಬಣ್ಣ ಕಪ್ಪು. ಕೈ ಹದ ಬೇಕು. ಆದ್ರೆ ನಮಗೆ ಪೇಟೆಯವರಿಗೆ ಬೆಲ್ಲ ಅಂದ್ರೆ ಬಂಗಾರದ ಬಣ್ಣ ಇರಬೇಕು. ಹಾಗಾಗಿ ಕೆಲವು ಕಡೆ ಹೈಡ್ರೋಸ್ ಅನ್ನೋ ಬಿಳಿಚುವ ರಾಸಾಯನಿಕ ಬಂತು. ಈಗ ಅದೇ ನಾವು ಅಂಗಡಿಯಲ್ಲಿ ನಿಂತು "ಕೆಮಿಕಲ್ ಹಾಕದ ಬೆಲ್ಲ ಇದ್ಯಾ?" ಅಂತ ಕೇಳ್ತೀವಿ, ಬೆಲ್ಲಕ್ಕೆ ಸುಣ್ಣ ಹಾಕ್ತಾರೆ ಅಂತ ಗೊತ್ತಾದ್ರೆ ಹೌಹಾರ್ತೀವಿ! ಎಲೆಅಡಿಕೆಗೆ ಹಚ್ಚಿಕೊಂಡು ತಿಂದ ಸುಣ್ಣ ಸ್ವಾಮಿ ಅದು. ಬೈಯಬೇಕಾದ್ದು ಹೈಡ್ರೋಸ್‌ಗೆ, ಅದಕ್ಕಿಂತ ಮೊದಲು ಬಂಗಾರದ ಬಣ್ಣ ಕೇಳಿದ ನಮಗೆ.

ಅರಕಲಗೂಡು ಕಡೆ ನನ್ನ ಸೋದರಮಾವನ ಮಗ ಶುಂಠಿ ಬೆಳೀತಾನೆ. ಎರಡು ವರ್ಷದ ಹಿಂದೆ ಎಲೆಚುಕ್ಕೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ. ನಾಲ್ಕೇ ದಿನಕ್ಕೆ ಎಲೆ ತುದಿ ಸುಟ್ಟ ಹಾಗೆ ಒಣಗಿತು. ಔಷಧಿ ಡೂಪ್ಲಿಕೇಟು ಅಂತ ಅಂಗಡಿಯವನ ಜೊತೆ ಜಗಳ ಆಡೋಕೆ ಹೊರಟಿದ್ದ. ಮೈಲುತುತ್ತ ಸರಿಯಾಗೇ ಇತ್ತು. ಹಾಳಾಗಿದ್ದು ಸುಣ್ಣ. ಹಿಂದಿನ ವರ್ಷದ ಬಾಯಿ ಬಿಚ್ಚಿದ ಚೀಲ, ದನದ ಕೊಟ್ಟಿಗೆ ಮೂಲೆಯಲ್ಲಿ ಬಿದ್ದಿತ್ತು. ಗಾಳಿಗೆ ಬಿಟ್ಟ ಸುಣ್ಣ ಮತ್ತೆ ಕಲ್ಲಾಗುತ್ತೆ ಅಂದೆನಲ್ಲ, ಚೀಲದೊಳಗೇ ಆಗಿತ್ತು. ನೋಡೋಕೆ ಬೆಳ್ಳಗೇ ಇತ್ತು, ಒಳಗೆ ಸತ್ವ ಇರಲಿಲ್ಲ. ತಾಮ್ರದ ಖಾರ ಮುರಿಯುವಷ್ಟು ಸುಣ್ಣ ಇಲ್ಲದೆ ಎಲೆ ಸುಟ್ಟಿತು.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಅಂತ ಎಲ್ಲರ ಬಾಯಲ್ಲೂ ಇದೆ. ಆದ್ರೆ ಅದರ ಜೊತೆಯ ಪರೀಕ್ಷೆಯನ್ನ ಎಲ್ಲರೂ ಮರೆತಿದ್ದಾರೆ. ದ್ರಾವಣಕ್ಕೆ ಹೊಳೆಯುವ ಕಬ್ಬಿಣದ ಚಾಕು ಅದ್ದಿ. ಚಾಕಿಗೆ ಕೆಂಪು ತಾಮ್ರ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಒಂದು ಚಾಕು, ಒಂದು ನಿಮಿಷ! ಫ್ರಾನ್ಸಿನ ಬೋರ್ಡೋ ಊರಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಗೆ ಅಂತ ಪ್ರಕಟಿಸಿದ ಈ ಔಷಧಿಯನ್ನ ನಮ್ಮ ಅಡಿಕೆಯ ಕೊಳೆರೋಗಕ್ಕೆ ತಂದವರು ಕೆನಡಾದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಮಲೆನಾಡಿನ ತೋಟಗಳನ್ನ ಸುತ್ತಿ ಕೆಲಸ ಮಾಡಿದವರು. ನೂರು ವರ್ಷ ದಾಟಿದ ಮೇಲೂ ದ್ರಾವಣ ಉಳಿದಿದೆ, ಚಾಕು ಮರೆತುಹೋಗಿದೆ.

ಉಳಿದ ಪಟ್ಟಿ ಓಡಿಸಿಬಿಡ್ತೀನಿ. ಕಬ್ಬಿಣದ ಅದಿರು ಕರಗಿಸುವಾಗ ಕೊಳೆ ಬೇರೆ ಮಾಡೋಕೆ ಸುಣ್ಣದ ಕಲ್ಲು, ಹುಳಿ ಮಣ್ಣಿಗೆ ಕೃಷಿ ಸುಣ್ಣ, ಗಾಜಿಗೆ, ಕಾಗದಕ್ಕೆ, ಬಣ್ಣಕ್ಕೆ, ಹಲ್ಲಿನ ಪೇಸ್ಟಿಗೆ, ಕೋಳಿ ಮೇವಿಗೆ, ಕುಡಿಯುವ ನೀರಿನ ಶುದ್ಧೀಕರಣಕ್ಕೆ. ಬೋರ್‌ವೆಲ್ಲಿನ ಪಿವಿಸಿ ಪೈಪಿನಲ್ಲೂ ಅದರ ಪುಡಿ ಇರುತ್ತೆ. ಇತಿಮಿತಿಯಲ್ಲಿದ್ರೆ ಸರಿ, ಅಗ್ಗ ಅಂತ ಜಾಸ್ತಿ ತುಂಬಿದ್ರೆ ಪೈಪು ಕಡ್ಡಿ ಥರ ಮುರಿಯುತ್ತೆ.

ಮತ್ತೆ ಗೋಡೆಗೆ ಬರ್ತೀನಿ. ಹಾಸನದಿಂದ ಶೆಟ್ಟಿಹಳ್ಳಿಗೆ ನೀವೂ ಹೋಗಿರ್ತೀರಿ, ಮುಳುಗುವ ಚರ್ಚ್ ಮುಂದೆ ಫೋಟೋ ತೆಗೆಸ್ಕೊಂಡಿರ್ತೀರಿ. ಫ್ರೆಂಚ್ ಪಾದ್ರಿಗಳು 1860ರ ಹೊತ್ತಿಗೆ ಕಟ್ಟಿಸಿದ ರೋಸರಿ ಚರ್ಚು ಅದು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ರು ಅಂತ ಅಲ್ಲಿಯವರು ಹೇಳ್ತಾರೆ. ಭಾರತದಲ್ಲಿ ಸಿಮೆಂಟ್ ಉದ್ಯಮ ಕಾಲೂರಿದ್ದೇ 1914ರಲ್ಲಿ, ಪೋರಬಂದರಿನಲ್ಲಿ. ಹಾಗಾಗಿ ಅದು ಸಿಮೆಂಟ್ ಕಾಲದ ಕಟ್ಟಡ ಅಲ್ಲ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ಜಲಾಶಯ ತುಂಬಿದಾಗೆಲ್ಲ ಅದು ನೀರಲ್ಲಿ ನಿಲ್ಲುತ್ತೆ, ಬೇಸಿಗೆಯಲ್ಲಿ ಒಣಗುತ್ತೆ. ಛಾವಣಿ ಹೋಗಿದೆ, ಗೋಡೆಗಳೂ ಭಾಗ ಭಾಗವಾಗಿ ಕುಸೀತಾ ಇವೆ, ನಿಜ. ಆದ್ರೆ ನಲವತ್ತು ವರ್ಷಕ್ಕೂ ಮೀರಿ ನೆನೆದು ಒಣಗಿದ ಮೇಲೆ ಇಷ್ಟಾದರೂ ನಿಂತಿದೆ. ನಾನು ಹೊಡೆಸಿದ ಪ್ಲಾಸ್ಟರಿನ ಆಯಸ್ಸು ಮೂರು ಮಳೆ. ಅದೇ ಹೇಮಾವತಿ ಮುಂದೆ ಹೋಗಿ ಕನ್ನಂಬಾಡಿಯ ಹಿನ್ನೀರು ಸೇರುತ್ತೆ. 1911ರಲ್ಲಿ ಶುರುವಾದ ಆ ಅಣೆಕಟ್ಟನ್ನೂ ಕಟ್ಟಿದ್ದು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ.

ಹಾಗಂತ ಸಿಮೆಂಟ್ ಕೆಟ್ಟದ್ದು, ಹಿಂದಿನದ್ದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಆ ಥರ ಫಾರ್ವರ್ಡ್ ಮೆಸೇಜುಗಳು ಸಾಕಷ್ಟಿವೆ. ತಾರಸಿಗೆ, ಸೇತುವೆಗೆ, ನೀರಿನ ತೊಟ್ಟಿಗೆ ಸಿಮೆಂಟೇ ಬೇಕು. ಸುಣ್ಣದ ಗಾರೆ ಗಟ್ಟಿಯಾಗೋಕೆ ವಾರಗಟ್ಟಲೆ ಕಾಯಬೇಕು. ಅರೆಯೋದು, ಕೊಳೆಸೋದು ಮೈಮುರಿಯುವ ಕೆಲಸ, ಆ ಕೆಲಸ ಮಾಡಿದವರ ಕೈ ಸುಟ್ಟಿದೆ. ಪರಿಸರದ ಲೆಕ್ಕವೂ ಅಷ್ಟು ಸುಲಭ ಅಲ್ಲ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7-8ರಷ್ಟು ಸಿಮೆಂಟಿನ ಪಾಲು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೋದು ಸುಣ್ಣದ ಕಲ್ಲಿನಿಂದಲೇ. ಸುಣ್ಣ ಸುಟ್ಟರೂ ಅದೇ ಅನಿಲ ಬರುತ್ತೆ. ಗಾರೆ ಆರುವಾಗ ಅದರಲ್ಲಿ ಬಹುಪಾಲು ವಾಪಸ್ ಹೀರಿಕೊಳ್ಳುತ್ತೆ, ಆದ್ರೆ ಗೂಡಿಗೆ ಹಾಕಿದ ಸೌದೆ, ಕಲ್ಲಿದ್ದಲಿನ ಹೊಗೆಯನ್ನಲ್ಲ.

ನಾನು ಕೇಳೋದು ಇಷ್ಟೇ. ಯಾವ ಕೆಲಸಕ್ಕೆ ಯಾವುದು ಅಂತ ಯೋಚಿಸೋಣ. ಕಟ್ಟಡದ ಸುಣ್ಣಕ್ಕೆ ಐಎಸ್ 712 ಅಂತ ನಮ್ಮದೇ ಮಾನಕ ಇದೆ, ಅದರಲ್ಲಿ ಸುಣ್ಣವನ್ನ ಎ ಇಂದ ಎಫ್ ವರೆಗೆ ವಿಂಗಡಿಸಿದ್ದಾರೆ. ಸಿ ಅಂದ್ರೆ ಸಾದಾ ಸುಣ್ಣ, ಇ ಅಂದ್ರೆ ನಮ್ಮ ಹೊಲದ ಕಂಕರ ಸುಣ್ಣ! ಆದ್ರೆ ಹಾಸನದ ಅಂಗಡಿಯಲ್ಲಿ ನಾನು ಕೇಳಿದಾಗ ಸಿಕ್ಕ ಉತ್ತರ "ಸುಣ್ಣ ಸುಣ್ಣಾನೇ ಸಾರ್, ಅದ್ರಲ್ಲೇನು ಎ, ಬಿ". ಚೀಲದ ಮೇಲೆ ಶುದ್ಧತೆ ಇಲ್ಲ, ಯಾವಾಗ ಸುಟ್ಟಿದ್ದು ಅಂತ ದಿನಾಂಕ ಇಲ್ಲ. ಸಕ್ಕರೆ ಕಾರ್ಖಾನೆ ಕೇಳುವ ಪ್ರಶ್ನೆಯನ್ನ ರೈತ, ಗಾರೆ ಕೆಲಸದವನು, ಆಲೆಮನೆಯವನು ಯಾಕೆ ಕೇಳಬಾರದು? ಹಳೇ ಶಾಲೆ, ಚಾವಡಿ, ಗುಡಿಗಳ ರಿಪೇರಿಗೆ ಟೆಂಡರ್ ಕರೆಯುವಾಗ, ಗೋಡೆ ಸುಣ್ಣದ್ದಾಗಿದ್ರೆ ಗಾರೆಯೂ ಸುಣ್ಣದ್ದೇ ಇರಲಿ ಅಂತ ಒಂದು ಸಾಲು ಬರೆಯೋದು ಕಷ್ಟವಾ? ಜಿಲ್ಲೆಯ ನಿರ್ಮಿತಿ ಕೇಂದ್ರದಲ್ಲೋ ಐಟಿಐಗಳಲ್ಲೋ ಒಂದು ತಿಂಗಳು ಸುಣ್ಣದ ಗಾರೆ ಹೇಳಿಕೊಟ್ರೆ, ಆ ಕೈಕೆಲಸ ಬಲ್ಲ ಕೊನೆಯ ತಲೆಮಾರು ಇರುವಾಗಲೇ ಹತ್ತು ಹುಡುಗರು ಕಲೀತಾರೆ. ಸಿವಿಲ್ ಓದುವ ಮಕ್ಕಳಿಗೆ ಆ ಎರಡು ಪುಟ ಬಿಡಿಸಬೇಡಿ ಅಂತಲೂ ಕೇಳ್ಕೋತೀನಿ.

ಇನ್ನೊಂದು, ತಮಾಷೆ ಅಲ್ಲ. ಗಾದೆಯಲ್ಲಿ ಕಣ್ಣಿಗೆ ಸುಣ್ಣ ಅನ್ನೋದು ಬರೀ ಮಾತಲ್ಲ. ಸುಣ್ಣ ಕಣ್ಣಿಗೆ ಬಿದ್ರೆ ದೃಷ್ಟಿಯೇ ಹೋಗಬಹುದು. ಎಲೆಅಡಿಕೆ ಸುಣ್ಣದ ಪ್ಲಾಸ್ಟಿಕ್ ಪೊಟ್ಟಣ ಹಿಸುಕಿ ಆಡುವಾಗ ಒಡೆದು ಕಣ್ಣು ಕಳಕೊಂಡ ಮಕ್ಕಳ ಬಗ್ಗೆ ನಮ್ಮ ದೇಶದ ಕಣ್ಣಿನ ವೈದ್ಯರು ಬರೆದಿದ್ದಾರೆ. ಬಿದ್ದರೆ ತಕ್ಷಣ ಶುದ್ಧ ನೀರಲ್ಲಿ ಅರ್ಧ ಗಂಟೆ ಬಿಡದೆ ತೊಳೆದು, ಆಮೇಲೆ ಆಸ್ಪತ್ರೆಗೆ ಓಡಿ. ತೊಳೆಯೋದು ಮೊದಲು. ಅಜ್ಜಿ ಬೈತಿದ್ದಿದ್ದು ಇದಕ್ಕೇ.

ಮೊನ್ನೆ ಊರಿಗೆ ಹೋಗಿದ್ದು ಉತ್ತರದ ಗೋಡೆಯ ಕೆಲಸ ನೋಡೋಕೆ. ಸುಣ್ಣದ ಗಾರೆ ಬಲ್ಲವರನ್ನ ಹುಡುಕೋಕೇ ಐದು ತಿಂಗಳು ಹಿಡೀತು. ಸಿಕ್ಕಿದ್ದು ಎಪ್ಪತ್ತು ದಾಟಿದ ಒಬ್ಬರು, ಜೊತೆಗೆ ಅವರ ಮೊಮ್ಮಗ. ನನ್ನ ಸಿಮೆಂಟನ್ನ ಕೆತ್ತಿ ತೆಗೆದು, ಗೋಡೆಯನ್ನ ಒಂದು ಬೇಸಿಗೆ ಪೂರ್ತಿ ಹಾಗೇ ಆರೋಕೆ ಬಿಟ್ಟು, ಈಗ ಮೊದಲ ಪದರ ಕೊಟ್ಟಿದ್ದಾರೆ. ಒಂದು ಗೋಡೆಗೆ ಆದ ಖರ್ಚು ಅವತ್ತು ಇಡೀ ಮನೆಗೆ ಆದ ಖರ್ಚಿನ ಹತ್ರ ಹತ್ರ ಬಂದಿದೆ. ಉಳಿದ ಮೂರು ಗೋಡೆ ಯಾವಾಗ ಅಂತ ಗೊತ್ತಿಲ್ಲ. ಅಜ್ಜಿ ಇನ್ನೂ ನಡುಮನೆಯಲ್ಲೇ ಮಲಗ್ತಾರೆ. ಆದ್ರೆ ಬೆಳಿಗ್ಗೆ ಎದ್ದು ಆ ಗೋಡೆ ಹತ್ರ ಹೋಗಿ ಕೈಯಿಟ್ಟು ನೋಡಿ, "ಇನ್ನೂ ಹಸಿ ಅದೆ" ಅಂತ ಹೇಳ್ತಾರಂತೆ.

ನಿಮ್ಮೂರಲ್ಲೂ ಹಳೇ ಗೋಡೆ ಇದ್ರೆ, ಅದಕ್ಕೆ ಸಿಮೆಂಟ್ ಹೊಡೆಸೋ ಯೋಚನೆ ಇದ್ರೆ, ಒಂದು ಮಳೆಗಾಲ ತಡ್ಕೊಳ್ಳಿ. ಸುಣ್ಣದ ಗಾರೆ ಕೆಲಸ ಬಲ್ಲವರು ನಿಮ್ಮ ಕಡೆ ಇನ್ನೂ ಇದ್ದಾರಾ? ಇದ್ರೆ ದಯವಿಟ್ಟು ತಿಳಿಸಿ. ನನಗೆ ಇನ್ನೂ ಮೂರು ಗೋಡೆ ಬಾಕಿ ಇದೆ.